ತೆರೆಯ ಮೇಲೆ ಒಂದು ಮಹಾನಗರ

ಒಂದು ಊರಿನ ಚರಿತ್ರೆಯನ್ನು ಪುಸ್ತಕದಲ್ಲಿ ಬರೆಯುವವನಿಗಿಲ್ಲದ ತೊಡಕೊಂದು ಅದನ್ನು ತೆರೆಯ ಮೇಲೆ ತೋರಿಸಹೊರಟವನಿಗೆ ಉಂಟು. ಬರೆಯುವವನಿಗೆ ಒಂದು ಹಳೆಯ ಕಾಗದ, ಒಂದು ಲೆಕ್ಕದ ಪುಸ್ತಕ, ನ್ಯಾಯಾಲಯದ ಒಂದು ದಾಖಲೆ ಸಿಕ್ಕಿದರೆ ಸಾಕು. ಮಿಕ್ಕದ್ದನ್ನು ಮಾತು ಕಟ್ಟಿಕೊಡುತ್ತದೆ. ತೋರಿಸುವವನಿಗೆ ಹಾಗಲ್ಲ. ಗಳಿಗೆ ಗಳಿಗೆಗೂ ಕಣ್ಣಿಗೆ ಏನಾದರೊಂದು ಬೇಕು. ಛಾಯಾಚಿತ್ರ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು ೧೮೩೯ರಲ್ಲಿ. ಡಚ್ಚರು ಮ್ಯಾನ್‌ಹಾಟನ್ ದ್ವೀಪದ ತುದಿಯಲ್ಲಿ ನೆಲೆಯೂರಿದ್ದು ೧೬೨೪–೨೫ರ ಸುಮಾರಿಗೆ. ಎಂದರೆ ನ್ಯೂಯಾರ್ಕ್ ನಗರದ ನಾಲ್ಕು ಶತಮಾನಗಳ ಬಾಳಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲಿಗೆ ಛಾಯಾಚಿತ್ರವೇ ಇಲ್ಲ. ಇದ್ದ ಕಾಲದಲ್ಲಿಯೂ ಎಲ್ಲರದೂ ಇಲ್ಲ. ಯಾರ ಚಿತ್ರ ಇದೆ, ಯಾರದು ಇಲ್ಲ, ಇದ್ದುದನ್ನು ತೆಗೆದವರು ಯಾರು ಎಂದು ಕೇಳಿಕೊಳ್ಳದೆ ಇಂಥ ಚಿತ್ರಗಳನ್ನು ನೋಡಿದರೆ, ನೋಡಿದ್ದು ಕಣ್ಣಿಗೆ ಹಬ್ಬವಾದೀತೇ ಹೊರತು ಚರಿತ್ರೆಯಾಗಲಾರದು.

ಈ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಲು ಬಹಳ ತಕ್ಕದ್ದು ರಿಕ್ ಬರ್ನ್ಸ್ ನಿರ್ದೇಶಿಸಿದ ನ್ಯೂಯಾರ್ಕ್ ನಗರದ ಸಾಕ್ಷ್ಯಚಿತ್ರಮಾಲೆ. ಅಮೆರಿಕದ ಸಾರ್ವಜನಿಕ ದೂರದರ್ಶನವಾದ ಪಿ.ಬಿ.ಎಸ್. ಇದರ ಮೊದಲ ಐದು ಕಂತುಗಳನ್ನು ೧೯೯೯ರ ನವೆಂಬರಿನಲ್ಲಿ ಒಂದೇ ಸಮನೆ ಐದು ರಾತ್ರಿ ಪ್ರಸಾರಮಾಡಿತು. ಆರನೆಯದೂ ಏಳನೆಯದೂ ೨೦೦೧ರಲ್ಲಿ ಬಂದವು; ಎಂಟನೆಯದು ೨೦೦೩ರಲ್ಲಿ. ಎಲ್ಲ ಸೇರಿದರೆ ಹದಿನೇಳು ಗಂಟೆಗೂ ಮೀರುತ್ತದೆ. ಒಂದು ಊರಿನ ಕಥೆಗೆ ಇಷ್ಟು ಉದ್ದವೇ ಎಂದು ಹುಬ್ಬೇರಿಸುವವರು, ಬಯಲಾಟವನ್ನು ಬೆಳಗಿನ ಝಾವದವರೆಗೆ ಕೂತು ನೋಡಿದ ಹಿರಿಯರನ್ನು ಕೇಳಬೇಕು.

ರಿಕ್ ಬರ್ನ್ಸ್, ಅಮೆರಿಕದ ಅಂತರ್ಯುದ್ಧವನ್ನು ಕುರಿತು ೧೯೯೦ರಲ್ಲಿ ಹೆಸರಾಂತ ಚಿತ್ರಮಾಲೆ ಮಾಡಿದ ಕೆನ್ ಬರ್ನ್ಸನ ತಮ್ಮ. ಆ ಕೆಲಸದಲ್ಲಿ ತಾನೂ ಕೈಜೋಡಿಸಿದ್ದವನು. ಅಲುಗದ ಚಿತ್ರದ ಮೇಲೆ ಕ್ಯಾಮೆರಾವನ್ನು ನಿಧಾನವಾಗಿ ಹರಿಸಿ, ಒಂದು ಮುಖದಿಂದ ಇನ್ನೊಂದು ಮುಖಕ್ಕೆ, ಮುಖದಿಂದ ಕೈಗೆ ಸಾಗಿ, ಹಿನ್ನೆಲೆಯಲ್ಲಿ ಯಾರದೋ ಕಾಗದವನ್ನು ಓದಿಸುವ ರೀತಿ ಈ ಅಣ್ಣತಮ್ಮಂದಿರಿಂದ ಮನೆಮಾತಾಯಿತು. ಅವರು ಹುಟ್ಟಿಸಿದ್ದೇನೂ ಅಲ್ಲ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ೧೯೫೭ರಲ್ಲಿ 'ಸಿಟಿ ಆಫ್ ಗೋಲ್ಡ್' ಎಂಬ ಕಿರುಚಿತ್ರವನ್ನು ಹೊರತಂದಿತ್ತು. ಚಿನ್ನದ ಆಸೆಯಿಂದ ಒಮ್ಮೆಗೇ ಎದ್ದು, ಅಷ್ಟೇ ಬೇಗ ಬಸವಳಿದ ಡಾಸನ್ ಎಂಬ ಊರಿನ ಕಥೆ ಅದು. ಹಳೆಯ ಗಾಜಿನ ತಟ್ಟೆಗಳ ಮೇಲಿನ ಚಿತ್ರಗಳಿಗೆ ಅದು ಹೀಗೆಯೇ ಜೀವ ಬರಿಸಿತ್ತು. ಊರೊಂದರ ಚರಿತ್ರೆಯನ್ನು ತೆರೆಯ ಮೇಲೆ ಹೇಳುವ ಬಗೆಯನ್ನು ಆಮೇಲಿನವರೆಲ್ಲ ಕಲಿತದ್ದು ಬಹುಪಾಲು ಆ ಶಾಲೆಯಲ್ಲಿ.

ಮೊದಲ ಕಂತು ಚಿತ್ರವಿಲ್ಲದ ಕಾಲದ ಕಂತು. ೧೬೦೯ರಲ್ಲಿ ಹೆನ್ರಿ ಹಡ್ಸನ್ ಎಂಬ ಇಂಗ್ಲಿಷ್ ನಾವಿಕ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ 'ಅರ್ಧಚಂದ್ರ' ಎಂಬ ಹೆಸರಿನ ಹಡಗನ್ನೇರಿ ಆ ಕೊಲ್ಲಿಗೆ ಬಂದ. ಅವನಿಗೆ ಬೇಕಾದದ್ದು ಅಮೆರಿಕವಲ್ಲ, ಏಷ್ಯಕ್ಕೆ ಹತ್ತಿರದ ದಾರಿ. ಆ ಕಂಪನಿ ಹುಟ್ಟಿದ್ದೇ ಸಂಬಾರದ ವ್ಯಾಪಾರಕ್ಕಾಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರಲ್ಲವೆ, ಅದೇ ಕರಿಮೆಣಸಿನ ಹಂಬಲ ಐರೋಪ್ಯರ ಹಡಗುಗಳನ್ನು ಭೂಮಿಯ ಆ ಬದಿಗೂ ತಳ್ಳಿತು. ಹಡ್ಸನ್ ನದಿಯನ್ನು ಹತ್ತಿ ಹೋದ, ನೀರು ಆಳ ಕಡಮೆಯಾಗುತ್ತ ಬಂತು, ಹಿಂದಿರುಗಿದ. ಮೆಣಸು ಸಿಕ್ಕಲಿಲ್ಲ; ಬೀವರ್ ಎಂಬ ಪ್ರಾಣಿಯ ತುಪ್ಪಳ ಸಿಕ್ಕಿತು. ಆ ತುಪ್ಪಳದ ವ್ಯಾಪಾರಕ್ಕಾಗಿ ನಿಂತ ಠಾಣ್ಯವೇ ನ್ಯೂ ಆಮ್‌ಸ್ಟರ್‌ಡಾಮ್, ೧೬೬೪ರಲ್ಲಿ ಇಂಗ್ಲಿಷರ ಕೈಸೇರಿ ನ್ಯೂಯಾರ್ಕ್ ಆದ ಊರು.

ಇಪ್ಪತ್ತನಾಲ್ಕು ಡಾಲರಿಗೆ ಮೂಲನಿವಾಸಿಗಳಿಂದ ದ್ವೀಪವನ್ನೇ ಕೊಂಡರೆಂಬ ಕಥೆ ಲೋಕಪ್ರಸಿದ್ಧ. ಇದಕ್ಕೆ ಕ್ರಯಪತ್ರವೇನೂ ಉಳಿದಿಲ್ಲ. ೧೬೨೬ರ ನವೆಂಬರಿನಲ್ಲಿ ಪೀಟರ್ ಸ್ಖಾಗೆನ್ ಎಂಬ ಡಚ್ ಅಧಿಕಾರಿ, ಆಗತಾನೆ ಬಂದ ಹಡಗಿನ ಸಮಾಚಾರವನ್ನು ತನ್ನ ಮೇಲಿನವರಿಗೆ ತಿಳಿಸುತ್ತ, ಅರವತ್ತು ಗಿಲ್ಡರಿನ ಬೆಲೆಗೆ ದ್ವೀಪವನ್ನು ಕೊಂಡರೆಂದು ಒಂದು ಸಾಲು ಸೇರಿಸಿದ, ಅದೇ ಆಧಾರ. ಡಾಲರಿನ ಲೆಕ್ಕ ಹತ್ತೊಂಬತ್ತನೆಯ ಶತಮಾನದವರು ಕಟ್ಟಿದ್ದು. ಮಾರಿದರೆಂದು ಹೇಳಲಾದ ಜನ ಏನೆಂದುಕೊಂಡಿದ್ದರು, ನೆಲ ಮಾರುವುದೆಂಬ ಭಾವನೆಯಾದರೂ ಅವರಲ್ಲಿ ಇತ್ತೆ ಎಂಬುದಕ್ಕೆ ಅವರ ಕಡೆಯ ಒಂದು ಅಕ್ಷರವೂ ಇಲ್ಲ. ನಗರದ ಜಾತಕದ ಮೊದಲ ಪುಟವೇ ಒಂದು ಕಕ್ಷಿಯ ಹೇಳಿಕೆ.

ಅದಂತಿರಲಿ. ೧೬೪೩ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿಯೊಬ್ಬ, ಆ ಚಿಕ್ಕ ಠಾಣ್ಯದಲ್ಲಿ ಹದಿನೆಂಟು ಭಾಷೆಗಳು ನಡೆಯುತ್ತವೆಂದು ಕೇಳಿ ಬರೆದಿಟ್ಟ. ನಗರದ ಗುಣ ಅಂದಿನಿಂದಲೂ ಅದೇ. ಚಿತ್ರಮಾಲೆ ಈ ಗುಣವನ್ನು ಎಂಟು ಕಂತುಗಳಲ್ಲಿಯೂ ಮರೆಯದೆ ಹಾಡುತ್ತದೆ. ಒಮ್ಮೊಮ್ಮೆ ಹಾಡು ಹೆಚ್ಚಾಗಿ ಮಾತು ಕಡಮೆಯಾಗುವುದೂ ಉಂಟು. ಹಡ್ಸನ್ನನ ಕಾಲದ ಮಾತು ನಡೆಯುತ್ತಿರುವಾಗಲೂ ಆಕಾಶದಿಂದ ಹಿಡಿದ ಇಂದಿನ ಗಗನಚುಂಬಿಗಳ ದೃಶ್ಯ ತೇಲಿಬರುತ್ತದೆ. ಚಿತ್ರವಿಲ್ಲದ ಬಡತನವನ್ನು ನಿರ್ದೇಶಕ ಹೆಲಿಕಾಪ್ಟರಿನಿಂದ ಮುಚ್ಚುತ್ತಾನೆ. ಈ ದೃಶ್ಯಗಳಲ್ಲಿ ಮುಕ್ಕಾಲು ಪಾಲನ್ನು ಕೈಬಿಟ್ಟಿದ್ದರೂ ನಷ್ಟವಿರಲಿಲ್ಲವೆಂದು ನನ್ನ ಎಣಿಕೆ.

ಏಕೆಂದರೆ ಚಿತ್ರವಿಲ್ಲದೆಡೆಯಲ್ಲಿ ಬರಿಯ ಧ್ವನಿಯೂ ದಾಖಲೆಯೂ ಎಷ್ಟು ಮಾಡಬಲ್ಲವೆಂಬುದಕ್ಕೆ ೧೭೪೧ರ ಸಂಗತಿಯೊಂದೇ ಸಾಕು. ಆಗ ನ್ಯೂಯಾರ್ಕಿನಲ್ಲಿ ಸುಮಾರು ಐವರಿಗೊಬ್ಬರು ಗುಲಾಮರು. ೧೭೧೧ರಿಂದ ವಾಲ್ ಸ್ಟ್ರೀಟಿನ ಕೊನೆಯಲ್ಲಿ ಅವರನ್ನು ಮಾರುವ, ಬಾಡಿಗೆಗೆ ಕೊಡುವ ಕಟ್ಟೆಯಿತ್ತು. ೧೭೪೧ರ ವಸಂತದಲ್ಲಿ ಕೋಟೆಗೆ ಬೆಂಕಿ ಬಿತ್ತು. ಹಿಂದೆಯೇ ಊರಲ್ಲಿ ಅಲ್ಲಲ್ಲಿ ಬೆಂಕಿಗಳೆದ್ದವು. ಹದಿನಾರು ವರ್ಷದ ಮೇರಿ ಬರ್ಟನ್ ಎಂಬ ಮನೆಗೆಲಸದ ಹುಡುಗಿಯ ಹೇಳಿಕೆಯನ್ನು ನೆಚ್ಚಿಕೊಂಡು, ಕರಿಯರು ಊರನ್ನೇ ಸುಡಲು ಒಳಸಂಚು ಹೂಡಿದ್ದಾರೆಂದು ನ್ಯಾಯಾಧೀಶರು ನಂಬಿದರು. ಹದಿಮೂರು ಮಂದಿ ಕರಿಯರನ್ನು ಜೀವಸಹಿತ ಸುಟ್ಟರು, ಹದಿನೇಳು ಮಂದಿಯನ್ನು ಗಲ್ಲಿಗೇರಿಸಿದರು. ನಾಲ್ವರು ಬಿಳಿಯರೂ ಗಲ್ಲಿಗೆ ಹೋದರು. ಇದೆಲ್ಲ ವಿವರವಾಗಿ ನಮಗೆ ಗೊತ್ತಾಗುವುದು ವಿಚಾರಣೆ ನಡೆಸಿದವರಲ್ಲೊಬ್ಬನಾದ ಡೇನಿಯಲ್ ಹಾರ್ಸ್‌ಮ್ಯಾಂಡನ್ ೧೭೪೪ರಲ್ಲಿ ಅಚ್ಚುಹಾಕಿಸಿದ ಪುಸ್ತಕದಿಂದ. ತಾನು ಮಾಡಿದ್ದು ಸರಿಯೆಂದು ತೋರಿಸಲೆಂದೇ ಅವನು ಬರೆದ ಪುಸ್ತಕದಿಂದ! ಸತ್ತವರ ಮಾತು ಕೊಂದವನ ಕೈಬರಹದಲ್ಲಿ ಉಳಿದಿದೆ.

ಅಂಥವರನ್ನು ಹೂಳುತ್ತಿದ್ದುದು ಅಂದಿನ ಊರಿನ ಗಡಿಯಾಚೆಯ ಸ್ಮಶಾನದಲ್ಲಿ. ಊರು ಬೆಳೆದು ಅದರ ಮೇಲೆ ಹರಿಯಿತು, ಜನ ಮರೆತರು. ೧೯೯೧ರಲ್ಲಿ ಬ್ರಾಡ್‌ವೇ ಹತ್ತಿರ ಕೇಂದ್ರ ಸರಕಾರದ ಕಚೇರಿಯೊಂದಕ್ಕೆ ಪಾಯ ತೋಡುವಾಗ ಎಲುಬುಗಳು ಮೇಲೆದ್ದವು. ಕರಿಯ ಜನರ ಪ್ರತಿಭಟನೆಯಿಂದ ಕೆಲಸ ನಿಲ್ಲುವ ವೇಳೆಗೆ ೪೧೯ ಮಂದಿಯ ಅವಶೇಷಗಳನ್ನು ಹೊರತೆಗೆದಾಗಿತ್ತು. ಅಲ್ಲಿ ಒಟ್ಟು ಹದಿನೈದು ಸಾವಿರದಷ್ಟು ಜನ ಮಣ್ಣಾಗಿರಬೇಕೆಂದು ವಿದ್ವಾಂಸರ ಅಂದಾಜು. ಪುಸ್ತಕಗಳಲ್ಲಿ ಒಂದೆರಡು ಸಾಲಾಗಿದ್ದ ಗುಲಾಮಗಿರಿ ಆ ಪಾಯದ ಗುಂಡಿಯಿಂದಾಗಿ ನಗರದ ಚರಿತ್ರೆಯಲ್ಲಿ ಅಧ್ಯಾಯವಾಯಿತು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗವನ್ನು ಚಿತ್ರಮಾಲೆ ಬಲು ಸೊಗಸಾಗಿ ನಡೆಸಿಕೊಡುತ್ತದೆ. ಇಲ್ಲಿ ನಾವು ಬೇಗ ದಾಟಬಹುದು. ೧೮೧೧ರಲ್ಲಿ ಮೂವರು ಕಮಿಷನರುಗಳು ಬೆಟ್ಟ ಗುಡ್ಡ ತೊರೆಗಳನ್ನು ಲೆಕ್ಕಿಸದೆ ದ್ವೀಪದ ಮೇಲೆ ಚೌಕಬಾರಾ ಮನೆಯಂತೆ ಗೆರೆ ಎಳೆದರು: ಹನ್ನೆರಡು ಅಗಲದ ಹೆದ್ದಾರಿ, ನೂರೈವತ್ತೈದು ಅಡ್ಡಬೀದಿ. ನೇರ ಮೂಲೆಗಳ ಮನೆ ಕಟ್ಟಲು ಅಗ್ಗ, ವಾಸಕ್ಕೆ ಅನುಕೂಲ ಎಂಬುದು ಅವರು ಕೊಟ್ಟ ಕಾರಣ. ೧೮೨೫ರಲ್ಲಿ ೩೬೩ ಮೈಲಿಯ ಈರಿ ಕಾಲುವೆ ತೆರೆದು, ಒಳನಾಡಿನ ಗೋಧಿಯೆಲ್ಲ ನ್ಯೂಯಾರ್ಕಿನ ಬಂದರಿಗೆ ಹರಿಯಿತು. ೧೮೪೨ರಲ್ಲಿ ಕ್ರೋಟನ್ ನದಿಯ ಶುದ್ಧನೀರು ಬಂತು. ನಗರ ನಗರವಾಯಿತು.

ಅದೇ ೧೮೨೫ರಲ್ಲಿ ಬೂಟು ಪಾಲಿಶು ಮಾಡುತ್ತಿದ್ದ ಆ್ಯಂಡ್ರ್ಯೂ ವಿಲಿಯಮ್ಸ್ ಎಂಬ ಕರಿಯ ಯುವಕ, ಊರಿಂದ ಬಹುದೂರದ ಬಯಲಿನಲ್ಲಿ ೧೨೫ ಡಾಲರು ಕೊಟ್ಟು ಮೂರು ನಿವೇಶನಗಳನ್ನು ಕೊಂಡ. ಅವನ ಸುತ್ತ ಬೆಳೆದ ಹಳ್ಳಿಗೆ ಸೆನೆಕಾ ವಿಲೇಜ್ ಎಂದು ಹೆಸರು. ಮೂರು ಚರ್ಚುಗಳು, ಒಂದು ಶಾಲೆ, ೧೮೫೫ರ ಹೊತ್ತಿಗೆ ಸುಮಾರು ೨೨೫ ಮಂದಿ; ಸುಮಾರು ಮೂರರಲ್ಲಿ ಎರಡು ಪಾಲು ಕರಿಯರು, ಉಳಿದವರು ಹೆಚ್ಚಾಗಿ ಐರಿಷರು. ಈ ನಿವೇಶನಗಳ ಬೆಲೆಯನ್ನು ಹಣದಲ್ಲಿ ಮಾತ್ರ ಎಣಿಸಬಾರದು. ೧೮೨೧ರ ರಾಜ್ಯ ಸಂವಿಧಾನದಂತೆ ಕರಿಯ ಗಂಡಸಿಗೆ ಮತ ಹಾಕಬೇಕಾದರೆ ೨೫೦ ಡಾಲರಿನ ಆಸ್ತಿ ಇರಬೇಕಾಗಿತ್ತು. ಬಿಳಿಯನಿಗೆ ಆ ಕಟ್ಟು ಇಲ್ಲ. ಆದ್ದರಿಂದ ನೆಲವೆಂದರೆ ಮನೆಯೂ ಹೌದು, ಮತವೂ ಹೌದು. ಸೆಂಟ್ರಲ್ ಪಾರ್ಕ್ ಮಾಡಲು ನಗರ ಆ ಪ್ರದೇಶವನ್ನೆಲ್ಲ ಸ್ವಾಧೀನಪಡಿಸಿಕೊಂಡಿತು. ೧೮೫೭ರಲ್ಲಿ ಹಳ್ಳಿ ಹೋಯಿತು. ಪರಿಹಾರ ಕೊಟ್ಟರು; ಜನ ಚದುರಿದರು. ಇಂದು ಆ ಹಳ್ಳಿಯನ್ನು ಮನೆಮನೆಯಾಗಿ, ಹೆಸರು ಹೆಸರಾಗಿ ತೋರಿಸುವುದು ಅದನ್ನು ತೆಗೆಸಲೆಂದು ೧೮೫೬ರಲ್ಲಿ ತಯಾರಿಸಿದ ಭೂಸ್ವಾಧೀನದ ನಕ್ಷೆ. ಓಮ್‌ಸ್ಟೆಡ್ ಮತ್ತು ವೋಕ್ಸರ ಉದ್ಯಾನವನ್ನು ಹೊಗಳದವರಿಲ್ಲ, ನಾನೂ ಹೊಗಳುತ್ತೇನೆ. ಹೊಗಳುವಾಗ ಈ ನಕ್ಷೆ ಮಗ್ಗುಲಲ್ಲಿರಲಿ ಎಂದಷ್ಟೆ.

೧೮೬೩ರ ಜುಲೈ ಗಲಭೆಯನ್ನು ಚಿತ್ರಮಾಲೆ ಎರಡನೆಯ ಕಂತಿನಲ್ಲಿ ಹೇಳುತ್ತದೆ. ಅಂತರ್ಯುದ್ಧಕ್ಕೆ ಕಡ್ಡಾಯವಾಗಿ ಸಿಪಾಯಿಗಳನ್ನು ಸೇರಿಸುವ ಕಾನೂನು. ಮುನ್ನೂರು ಡಾಲರು ಕಟ್ಟಿದವನಿಗೆ ಮಾಫಿ. ಬಡ ಐರಿಷ್ ಕೂಲಿಗಾರನ ಸಿಟ್ಟು ಕಾನೂನಿನ ಮೇಲೆ ಎದ್ದು, ಹಣವಂತರ ಮನೆಗಳ ಮೇಲೆ ತಿರುಗಿ, ಕೊನೆಗೆ ತನಗಿಂತ ಬಡವನಾದ ಕರಿಯನ ಮೇಲೆ ಬಿತ್ತು. ಕರಿಯ ಅನಾಥ ಮಕ್ಕಳ ಆಶ್ರಮಕ್ಕೇ ಬೆಂಕಿಯಿಟ್ಟರು. ಇನ್ನೂರಕ್ಕೂ ಹೆಚ್ಚು ಮಕ್ಕಳು ಹಿಂಬಾಗಿಲಿನಿಂದ ತಪ್ಪಿಸಿಕೊಂಡರು. ನಾಲ್ಕು ದಿನದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕರಿಯರು ಊರು ಬಿಟ್ಟರು. ೧೮೬೫ರ ಗಣತಿಯಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗಿತ್ತು. ಆಗ ಛಾಯಾಚಿತ್ರ ಇದ್ದಿತಾದರೂ ಓಡುವ ಮನುಷ್ಯನನ್ನು ಹಿಡಿಯುವಷ್ಟು ಚುರುಕು ಆ ಕಾಲದ ಕ್ಯಾಮೆರಾಕ್ಕೆ ಇರಲಿಲ್ಲ. ಆದ್ದರಿಂದ ನಾವು ನೋಡುವುದು ವಾರಪತ್ರಿಕೆಗಳಿಗಾಗಿ ಮರದಲ್ಲಿ ಕೊರೆದ ಚಿತ್ರಗಳನ್ನು. ಅವುಗಳ ಮೇಲೆ ಕ್ಯಾಮೆರಾ ತೆವಳುತ್ತ ಹೋಗುತ್ತದೆ, ಹಿಂದೆ ಯಾರೋ ಅಂದಿನ ದಿನಚರಿ ಓದುತ್ತಾರೆ. ಆ ಕೊರೆದ ಗೆರೆಗಳೇ ಹೆಚ್ಚು ಹೆದರಿಸುತ್ತವೆ.

ಇನ್ನು ಜೇಕಬ್ ರೀಸ್. ೧೮೭೦ರಲ್ಲಿ ಡೆನ್ಮಾರ್ಕಿನಿಂದ ಬಂದು, ಹಸಿವು ಅನುಭವಿಸಿ, ಪೊಲೀಸ್ ಸುದ್ದಿಗಾರನಾದವನು. ಮೆಗ್ನೀಸಿಯಮ್ ಪುಡಿಯ ಬೆಳಕು ಬಂದ ಮೇಲೆ, ರಾತ್ರಿ ಹೊತ್ತು ಕೂಲಿಗಾರರ ಕತ್ತಲ ಕೋಣೆಗಳಿಗೆ ನುಗ್ಗಿ ಭಗ್ಗೆಂದು ಬೆಳಕು ಹೊತ್ತಿಸಿ ಚಿತ್ರ ಹಿಡಿದ. ೧೮೯೦ರಲ್ಲಿ ಬಂದ ಅವನ ಪುಸ್ತಕ ಊರಿನ ಕಣ್ಣು ತೆರೆಸಿತು. ಮಲ್‌ಬೆರಿ ಬೆಂಡ್ ಎಂಬ ಕುಖ್ಯಾತ ಕೇರಿಯನ್ನು ಕೆಡವಿ ೧೮೯೭ರಲ್ಲಿ ಉದ್ಯಾನ ತೆರೆದರು. ಉಪಕಾರ ದೊಡ್ಡದು. ಆದರೆ ಆ ಚಿತ್ರಗಳಲ್ಲಿನ ಮುಖಗಳನ್ನು ನಿಂತು ನೋಡಿ. ನಿದ್ದೆಗಣ್ಣು, ಬೆಚ್ಚಿದ ನೋಟ, ಒಬ್ಬರಿಗೂ ಹೆಸರಿಲ್ಲ. ಚೀಣಿಯರು, ಇಟಲಿಯವರು, ಯೆಹೂದ್ಯರು ಇವರನ್ನೆಲ್ಲ ರೀಸ್ ತನ್ನ ಬರೆಹದಲ್ಲಿ ಎಷ್ಟು ತಾತ್ಸಾರದಿಂದ ವರ್ಗ ಕಟ್ಟಿದ್ದಾನೆಂಬುದು ಪುಸ್ತಕ ಓದಿದವರಿಗೆ ಗೊತ್ತು. ಚಿತ್ರ ಸಿಕ್ಕಿದ ಮಾತ್ರಕ್ಕೆ ಚರಿತ್ರೆಯಲ್ಲಿ ಮನುಷ್ಯನಿಗೆ ಜಾಗ ಸಿಕ್ಕಿತೆಂದಲ್ಲ. ರೀಸನ ಚಿತ್ರಗಳೂ ಕೆಲಕಾಲ ಮರೆಯಾಗಿದ್ದು, ೧೯೪೭ರಲ್ಲಿ ನಗರದ ವಸ್ತುಸಂಗ್ರಹಾಲಯದ ಪ್ರದರ್ಶನದಿಂದ ಮತ್ತೆ ಬೆಳಕಿಗೆ ಬಂದವು ಎಂಬುದು ಒಂದು ವಿಚಿತ್ರ.

ಇಡೀ ಮಾಲೆಯಲ್ಲಿ ಎದೆಗೆ ನಾಟುವ ಭಾಗ ಯಾವುದೆಂದು ಕೇಳಿದರೆ, ನಾಲ್ಕನೆಯ ಕಂತಿನ ಟ್ರಯಾಂಗಲ್ ಕಾರ್ಖಾನೆಯ ಬೆಂಕಿ ಎಂದೇ ಹೇಳಬೇಕು. ೧೯೧೧ರ ಮಾರ್ಚ್ ೨೫, ಶನಿವಾರ, ಕೆಲಸ ಮುಗಿಯುವ ಹೊತ್ತು. ಹತ್ತು ಅಂತಸ್ತಿನ ಕಟ್ಟಡದ ಮೇಲಿನ ಮೂರು ಅಂತಸ್ತಿನಲ್ಲಿ ಹೆಂಗಸರ ರವಿಕೆಗಳನ್ನು ಹೊಲಿಯುವ ಕಾರ್ಖಾನೆ. ಹೊಲಿಯುವವರು ಬಹುಮಟ್ಟಿಗೆ ವಲಸೆ ಬಂದ ಯೆಹೂದಿ, ಇಟಾಲಿಯನ್ ಹುಡುಗಿಯರು. ಎಂಟನೆಯ ಅಂತಸ್ತಿನ ಬಟ್ಟೆಚೂರಿನ ತೊಟ್ಟಿಗೆ ಬೆಂಕಿ ಹತ್ತಿತು. ಒಂಬತ್ತನೆಯದರಲ್ಲಿ ಮೆಟ್ಟಲಿನ ಒಂದು ಬಾಗಿಲಿಗೆ ಬೀಗ. ಹುಡುಗಿಯರು ಬಟ್ಟೆ ಕದ್ದೊಯ್ದಾರೆಂದು. ಹೊರಗೋಡೆಯ ಕಬ್ಬಿಣದ ಏಣಿ ಭಾರ ತಾಳದೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ ಏರಿದ್ದು ಆರನೆಯ ಅಂತಸ್ತಿಗೆ ಮಾತ್ರ. ಕಿಟಕಿಗಳಿಂದ ಹುಡುಗಿಯರು ಕೈ ಕೈ ಹಿಡಿದು ಧುಮುಕಿದರು. ಅರ್ಧ ಗಂಟೆ ಕಳೆಯುವುದರೊಳಗೆ ಎಲ್ಲ ಮುಗಿದಿತ್ತು. ಸತ್ತವರು ೧೪೬, ಅವರಲ್ಲಿ ೧೨೩ ಹೆಂಗಸರು.

ಬೆಂಕಿಯ ಒಳಗಿನ ಚಿತ್ರ ಯಾರ ಬಳಿಯೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಇರುವುದೆಲ್ಲ ಹೊರಗಿನದು: ನೀರು ಚಿಮ್ಮುವ ಕೊಳವೆ, ಮೇಲೆ ನೋಡುತ್ತ ನಿಂತ ಪೊಲೀಸರು, ಗುರುತು ಹಿಡಿಯಲು ಸಾಲಾಗಿಟ್ಟ ಶವಪೆಟ್ಟಿಗೆಗಳು. ಒಳಗಿನ ಕಥೆಯನ್ನು ಹೇಳಿದ್ದು ಬದುಕುಳಿದವರು, ನ್ಯಾಯಾಲಯದಲ್ಲಿ. ಕೇಳಿದ ಪಂಚರು ಆ ವರ್ಷದ ಡಿಸೆಂಬರಿನಲ್ಲಿ ಮಾಲಿಕರಿಬ್ಬರನ್ನೂ ಬಿಟ್ಟುಬಿಟ್ಟರು. ಬಾಗಿಲಿಗೆ ಬೀಗ ಬಿದ್ದುದು ಆ ಗಳಿಗೆಯಲ್ಲಿ ಅವರಿಗೆ ಗೊತ್ತಿತ್ತೆಂಬುದು ಸ್ಥಿರಪಡಲಿಲ್ಲವಂತೆ. ಬೀದಿಯಲ್ಲಿ ನಿಂತು ಇದನ್ನು ಕಣ್ಣಾರೆ ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬಾಕೆ. ೧೯೩೩ರಲ್ಲಿ ರೂಸ್‌ವೆಲ್ಟರ ಸಂಪುಟದಲ್ಲಿ ಕಾರ್ಮಿಕ ಮಂತ್ರಿಯಾಗಿ, ದುಡಿಯುವವರ ಪರವಾದ ಕಾನೂನುಗಳನ್ನು ತರಲು ಹೆಣಗಿದಾಕೆ. ಆ ೧೪೬ ಮಂದಿಯಲ್ಲಿ ಆರು ಮಂದಿಯ ಗುರುತು ಮಾತ್ರ ಹತ್ತಿರಲೇ ಇಲ್ಲ. ಅವರ ಹೆಸರುಗಳು ಗೊತ್ತಾದದ್ದು ೨೦೧೧ರಲ್ಲಿ, ಹಳೆಯ ಪತ್ರಿಕೆಗಳನ್ನೂ ದಾಖಲೆಗಳನ್ನೂ ಹುಡುಕಿದವರ ಶ್ರಮದಿಂದ, ನೂರು ವರ್ಷಕ್ಕೆ. ೧೯೯೯ರಲ್ಲಿ ಈ ಕಂತನ್ನು ನೋಡಿದವರಿಗೆ ಅವು ತಿಳಿದಿರಲಿಲ್ಲ. ಚಿತ್ರ ಮುಗಿಯಿತು, ಚರಿತ್ರೆ ಮುಗಿದಿರಲಿಲ್ಲ.

ಐದನೆಯ ಕಂತಿನಿಂದ ಚಲನಚಿತ್ರಗಳು ಧಾರಾಳವಾಗಿ ಸಿಕ್ಕುತ್ತವೆ. ಎಂಪೈರ್ ಸ್ಟೇಟ್ ಕಟ್ಟಡ ೧೯೩೦ರ ಮಾರ್ಚಿನಿಂದ ೧೯೩೧ರ ಮೇ ಒಳಗೆ ೧೦೨ ಅಂತಸ್ತು ಎದ್ದು ನಿಲ್ಲುವುದನ್ನು ನೋಡುವುದು ಚೆಂದವೇ. ಆದರೆ ಚಿತ್ರ ಹೆಚ್ಚಿದಷ್ಟೂ ಕಥೆ ಹೇಳುವವನ ಎಚ್ಚರ ಕಡಮೆಯಾದಂತೆ ನನಗೆ ತೋರಿತು. ಐದು ಬರೋಗಳು ಕೂಡಿ ಒಂದೇ ನಗರವಾದದ್ದು ೧೮೯೮ರಲ್ಲಿ. ಆದರೂ ಹದಿನೇಳು ಗಂಟೆಗಳಲ್ಲಿ ಬಹುಪಾಲು ಮ್ಯಾನ್‌ಹಾಟನ್ನಿಗೇ ಹೋಗಿದೆ. ಕ್ವೀನ್ಸ್, ಸ್ಟೇಟನ್ ಐಲೆಂಡಿನವರು ಮುನಿಸಿಕೊಂಡರೆ ತಪ್ಪಲ್ಲ.

ಇದಕ್ಕೆ ಒಳ್ಳೆಯ ಅಪವಾದ ಏಳನೆಯ ಕಂತಿನ ಬ್ರಾಂಕ್ಸ್ ಭಾಗ. ರಾಬರ್ಟ್ ಮೋಸೆಸ್ ಒಂದು ಚುನಾವಣೆಯನ್ನೂ ಗೆಲ್ಲದೆ ನಾಲ್ಕು ದಶಕ ನಗರದ ಸೇತುವೆ, ಉದ್ಯಾನ, ಹೆದ್ದಾರಿಗಳ ಮೇಲೆ ಆಳ್ವಿಕೆ ನಡೆಸಿದವನು. ಅವನ ಕಾಮಗಾರಿಗಳ ಚಿತ್ರಗಳಿಗೆ ಕೊರತೆಯಿಲ್ಲ: ಟೇಪು ಕತ್ತರಿಸುವುದು, ಮಾದರಿಗಳ ಮುಂದೆ ನಿಲ್ಲುವುದು, ಹೊಳೆಯುವ ಕಾರುಗಳು. ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯ ಒಂದೇ ಒಂದು ಮೈಲಿಗಾಗಿ ಈಸ್ಟ್ ಟ್ರೆಮಾಂಟಿನಲ್ಲಿ ೧,೫೩೦ ಸಂಸಾರಗಳನ್ನು ಎಬ್ಬಿಸಿದರು. ಸ್ವಲ್ಪ ಪಕ್ಕಕ್ಕೆ ಸರಿಸಿದ್ದರೆ ಹೋಗುತ್ತಿದ್ದದ್ದು ಆರೇ ಕಟ್ಟಡಗಳೆಂದು ರಾಬರ್ಟ್ ಕ್ಯಾರೊ ೧೯೭೪ರ ತನ್ನ ದೊಡ್ಡ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾನೆ. ಆ ಕ್ಯಾರೊ ಚಿತ್ರದಲ್ಲಿ ಮಾತನಾಡುತ್ತಾನೆ. ಬ್ರಾಂಕ್ಸಿನಲ್ಲೇ ಹುಟ್ಟಿ ಬೆಳೆದ ಮಾರ್ಷಲ್ ಬರ್ಮನ್ನನೂ ಮಾತನಾಡುತ್ತಾನೆ. ಸರಕಾರಿ ಚಿತ್ರಗಳ ಹೊಳಪೆಲ್ಲ ಅವರ ಮಾತಿನ ಮುಂದೆ ಮಂಕಾಗುತ್ತದೆ. ಗ್ರೆನಿಚ್ ವಿಲೇಜಿನ ಜೇನ್ ಜೇಕಬ್ಸ್ ೧೯೬೧ರಲ್ಲಿ ಪುಸ್ತಕ ಬರೆದು, ನೆರೆಹೊರೆಯವರನ್ನು ಕೂಡಿಸಿ ಇಂಥ ರಸ್ತೆಗಳಿಗೆ ಅಡ್ಡ ನಿಂತಳು. ೧೯೬೩ರಲ್ಲಿ ಕೆಡವಲು ಶುರುಮಾಡಿದ ಪೆನ್ಸಿಲ್ವೇನಿಯ ರೈಲು ನಿಲ್ದಾಣದ ಕಂಬಗಳು ಬೀಳುವುದನ್ನು ನೋಡಿದ ಮೇಲೆಯೇ ಹಳೆಯ ಕಟ್ಟಡಗಳ ರಕ್ಷಣೆಗೆ ೧೯೬೫ರ ಕಾನೂನು ಬಂದದ್ದು.

ಆರು ಮತ್ತು ಏಳನೆಯ ಕಂತುಗಳು ಪ್ರಸಾರವಾದದ್ದು ೨೦೦೧ರ ಸೆಪ್ಟೆಂಬರ್ ೩೦ ಮತ್ತು ಅಕ್ಟೋಬರ್ ೧ರಂದು. ವಿಶ್ವ ವಾಣಿಜ್ಯ ಕೇಂದ್ರದ ಜೋಡಿಗೋಪುರಗಳು ಬಿದ್ದು ಇನ್ನೂ ಮೂರು ವಾರ ತುಂಬಿರಲಿಲ್ಲ. ನಗರದ ಕಥೆ ಮುಗಿಯಿತೆಂದುಕೊಂಡಿದ್ದವರು ಎಂಟನೆಯ ಕಂತನ್ನು ಮಾಡಬೇಕಾಯಿತು. ೨,೭೫೩ ಜನ ಸತ್ತ ಆ ಬೆಳಗಿಗೆ ಚಿತ್ರಗಳ ಬರವಿಲ್ಲ. ಲೋಕವೆಲ್ಲ ಅವನ್ನು ಮತ್ತೆ ಮತ್ತೆ ನೋಡಿತ್ತು. ಬರ್ನ್ಸನ ಜಾಣತನವೆಂದರೆ ಬೀಳುವುದಕ್ಕಿಂತ ಮೊದಲಿನ ಕಥೆಗೆ ಹೆಚ್ಚು ಹೊತ್ತು ಕೊಟ್ಟದ್ದು. ಗೋಪುರಗಳಿಗಾಗಿ ರೇಡಿಯೋ ಅಂಗಡಿಗಳ ಬೀದಿಯೊಂದನ್ನೇ ಎತ್ತಿಹಾಕಿದರು. ೧೯೭೪ರ ಆಗಸ್ಟ್ ೭ರ ಬೆಳಿಗ್ಗೆ ಫ್ರೆಂಚ್ ಯುವಕ ಫಿಲಿಪ್ ಪೆತಿ ಎರಡು ಗೋಪುರಗಳ ನಡುವೆ ಹಗ್ಗ ಕಟ್ಟಿ ಮುಕ್ಕಾಲು ಗಂಟೆ ನಡೆದಾಡಿದ. ಆ ನಡಿಗೆ ಉಳಿದಿರುವುದು ಬಹುಮಟ್ಟಿಗೆ ಅಲುಗದ ಚಿತ್ರಗಳಲ್ಲಿಯೇ. ಪೆತಿಯ ಮಾತು ಹಿನ್ನೆಲೆಯಲ್ಲಿ ನಡೆಯುತ್ತಿರುವಾಗ ಆ ಚಿತ್ರಗಳು ಒಂದಾದಮೇಲೊಂದು ಬರುತ್ತವೆ. ಮೊದಲ ಕಂತಿನ ಕಸುಬು ಕೊನೆಯ ಕಂತಿನಲ್ಲಿ ಮತ್ತೆ ಕೈಹಿಡಿಯುತ್ತದೆ.

ಈ ಎಂಟನೆಯ ಕಂತು ಪ್ರಸಾರವಾದದ್ದು ೨೦೦೩ರ ಸೆಪ್ಟೆಂಬರ್ ೮ರಂದು. ಅದರ ಮರುತಿಂಗಳು, ಗೋಪುರಗಳಿದ್ದ ಜಾಗದಿಂದ ಕೆಲವೇ ಬೀದಿಗಳಾಚೆ, ೧೯೯೧ರಲ್ಲಿ ಅಗೆದು ತೆಗೆದಿದ್ದ ಆ ೪೧೯ ಮಂದಿಯ ಅವಶೇಷಗಳನ್ನು ಘಾನಾ ದೇಶದಲ್ಲಿ ಕೈಯಿಂದ ಕೆತ್ತಿದ ಮರದ ಪೆಟ್ಟಿಗೆಗಳಲ್ಲಿಟ್ಟು, ಮೆರವಣಿಗೆಯಲ್ಲಿ ತಂದು, ಅದೇ ನೆಲದಲ್ಲಿ ಮತ್ತೆ ಹೂಳಿದರು. ಬೀದಿಯ ಎರಡು ಬದಿಗೂ ಜನ ನಿಂತಿದ್ದರು. ಕ್ಯಾಮೆರಾಗಳೂ ಇದ್ದವು.